ಕಲ್ಲು ಬಿಸಿಯಿದ್ದಾಗ ಎಣ್ಣೆಯ ಹನಿ ಎಣಿಸಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನಮ್ಮ ಚನ್ನಗಿರಿ ಸೀಮೆಯ ಹೆಣ್ಣುಮಕ್ಕಳ ಕತ್ತು, ಭುಜ, ಸೊಂಟ ಮೂರೂ ಒಟ್ಟಿಗೇ ಹಿಡಿದುಕೊಳ್ಳುತ್ತವೆ. ಯಂತ್ರಗಳು ಬಂದಿವೆ ನಿಜ, ಆದರೆ ಕತ್ತಿಯ ಮುಂದೆ ತಲೆ ತಗ್ಗಿಸಿ ರಾತ್ರಿಯವರೆಗೂ ಕೂರುವವರು ಇನ್ನೂ ಇದ್ದಾರೆ. ಬೆಂಗಳೂರಿನಲ್ಲಿ ಬಿಸಿ ಕಲ್ಲಿನ ಮಸಾಜ್ ಕಲಿತು ಕೆರೆಬಿಳಚಿಗೆ ವಾಪಸಾದ ಮೇಲೆ ನನ್ನ ಬಳಿ ಹೆಚ್ಚಾಗಿ ಬಂದವರು ಇವರೇ. ಕಲಿಸಿದವರು ಹೇಳಿದ್ದಕ್ಕಿಂತ ಹೆಚ್ಚನ್ನು ಇವರ ಬೆನ್ನುಗಳೇ ನನಗೆ ಹೇಳಿಕೊಟ್ಟಿವೆ.

ಈಗಿನ ಸ್ಪಾಗಳ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಅರಿಜೋನಾದ ಮೇರಿ ನೆಲ್ಸನ್, 1993ರಲ್ಲಿ. ಕಲ್ಲಿನ ಶಾಖ ಮಾತ್ರ ನಮಗೆ ಹೊಸದಲ್ಲ. ಚರಕ ಸಂಹಿತೆ ಹೇಳುವ ಹದಿಮೂರು ಬಗೆಯ ಸ್ವೇದನಗಳಲ್ಲಿ ಅಶ್ಮಘನ ಸ್ವೇದವೂ ಒಂದು. ಆಳುದ್ದದ ಚಪ್ಪಡಿಯ ಮೇಲೆ ಸೌದೆ ಉರಿಸಿ, ಕೆಂಡ ತೆಗೆದು, ಬಿಸಿನೀರು ಚಿಮುಕಿಸಿ, ಬಟ್ಟೆ ಹಾಸಿ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡವರನ್ನು ಅದರ ಮೇಲೆ ಮಲಗಿಸುವುದು. ಎಣ್ಣೆ ಹಚ್ಚಿದ್ದು ಮೈಗೆ, ಕಲ್ಲಿಗಲ್ಲ ಎನ್ನುವುದನ್ನು ಗಮನಿಸಿ. ಮೊದಲು ಅಭ್ಯಂಗ, ಆಮೇಲೆ ಶಾಖ. ನಾನು ಕಲಿತ ಕಡೆ ಇದು ತಿರುಗುಮುರುಗಾಗಿತ್ತು. ಕಲ್ಲು ಕಾಯುವ ನೀರಿಗೇ ಸುಗಂಧ ತೈಲ ಸುರಿಯುತ್ತಿದ್ದರು, ಕೋಣೆ ಘಮಘಮಿಸಲಿ ಎಂದು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ. ಕಲ್ಲು ಎತ್ತುವಾಗ ಅದು ನೀರು ಬೆರೆಸದ ಖಾರದಂತೆ ಹಾಗೇ ಅಂಟಿಕೊಂಡು ಬರುತ್ತದೆ. ಆ ಕಲ್ಲನ್ನು ಬೆನ್ನಿಗಿಟ್ಟರೆ ಚರ್ಮ ಕೆಂಪಗಾಗದೆ ಇನ್ನೇನಾದೀತು?

ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ತೈಲ ಬೇಗ ಒಳಗಿಳಿಯುತ್ತದೆ. ಅದಕ್ಕೇ ಸಾದಾ ಮಾಲೀಸಿಗೆ ಹಾಕುವ ಅಳತೆ ಬಿಸಿ ಕಲ್ಲಿಗೆ ಹೆಚ್ಚಾಗುತ್ತದೆ. ಸುಮಾರು ಇಪ್ಪತ್ತು ಹನಿ ಒಂದು ಮಿಲಿಲೀಟರ್ ಎಂದುಕೊಳ್ಳಿ. ಸಾಮಾನ್ಯವಾಗಿ 30 ಮಿಲಿಲೀಟರ್ ಎಳ್ಳೆಣ್ಣೆಗೆ ಹನ್ನೆರಡು ಹನಿ, ಅಂದರೆ ನೂರಕ್ಕೆ ಎರಡು ಪಾಲು ಹಾಕುತ್ತಾರೆ. ಕಲ್ಲಿನ ಕೆಲಸವಿದ್ದ ದಿನ ನಾನು ಆರು ಹನಿ ದಾಟುವುದಿಲ್ಲ, ವಯಸ್ಸಾದವರಿಗೆ ಮೂರೇ. ಲವಂಗ, ದಾಲ್ಚಿನ್ನಿ ತೈಲಗಳನ್ನು ಬಿಸಿ ಕಲ್ಲಿನ ಹತ್ತಿರಕ್ಕೂ ತರುವುದಿಲ್ಲ. ಮಜ್ಜಿಗೆ ಹುಲ್ಲಿನ ತೈಲ ಹಿತವಾಗಿ ಘಮಿಸಿದರೂ ಅದರ ಸಿಟ್ರಾಲ್ ಕಾದ ಚರ್ಮಕ್ಕೆ ಉರಿ ತರುತ್ತದೆ, ಅದು ಒಂದೆರಡು ಹನಿ ಸಾಕು. ನೀಲಗಿರಿ ತೈಲ ಬಿಸಿ ತಾಗಿದೊಡನೆ ಹಾರಿ ಕಣ್ಣಿಗೆ ಹೊಡೆಯುತ್ತದೆ. ಅದು ಬೇಗ ಬೆಂಕಿ ಹಿಡಿಯುವ ವಸ್ತು ಕೂಡ, ಗ್ಯಾಸ್ ಒಲೆಯ ಬಳಿ ಶೀಸೆ ತೆರೆಯಬಾರದು. ಎಳೆಮಕ್ಕಳಿರುವ ಕೋಣೆಯಲ್ಲಿ ನೀಲಗಿರಿ, ಕರ್ಪೂರ ಎರಡೂ ಬೇಡ.

ಶ್ರೀಗಂಧದ ತೈಲ ನಿಧಾನದ್ದು, ಬಿಸಿಗೂ ಬೇಗ ಹಾರದು. 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, 1944ರಲ್ಲಿ ನಮಗೆ ಹತ್ತಿರದ ಶಿವಮೊಗ್ಗದಲ್ಲಿ ಇನ್ನೊಂದು. ಆದರೂ ಅಪ್ಪಟ ಗಂಧದೆಣ್ಣೆ ನಮ್ಮಂಥವರ ಕೈಗೆ ಎಟುಕುವ ಬೆಲೆಯದಲ್ಲ. ಊರಿನ ಕೆಲವು ಹಿರಿಯರು ಪ್ರೀತಿಯಿಂದ ಅತ್ತರಿನ ಶೀಸೆ ತಂದು, “ಇದ್ನೇ ಹಾಕಮ್ಮ, ಮನೇದು” ಎನ್ನುತ್ತಾರೆ. ಹಳೆಯ ಕಾಲದ ಅತ್ತರಿಗೆ ಗಂಧದೆಣ್ಣೆಯೇ ಮೂಲ, ಈಗಿನ ಬಹುಪಾಲಿಗೆ ಏನು ಮೂಲವೋ ಶೀಸೆ ಹೇಳುವುದಿಲ್ಲ. ಅದನ್ನು ಅವರ ಬಟ್ಟೆಗೆ ಹಚ್ಚಿ, ಮೈಗೆ ಬರೀ ಎಳ್ಳೆಣ್ಣೆ ಹಚ್ಚುತ್ತೇನೆ. ಯಾರೂ ಬೇಸರಪಟ್ಟುಕೊಂಡಿಲ್ಲ.

ಕಲ್ಲಿನ ಬಗ್ಗೆಯೂ ಹೇಳಬೇಕು. ಬಸಾಲ್ಟ್ ಒಳ್ಳೆಯದು, ಕಾವು ಹಿಡಿದಿಡುತ್ತದೆ. ಹೊನ್ನಾಳಿಯ ಹೊಳೆಯಲ್ಲಿ ಸಿಗುವ ನುಣುಪು ಕಲ್ಲುಗಳೂ ಆದಾವು, ಆದರೆ ಯಾವ ಕಲ್ಲನ್ನೂ ನೇರ ಬೆಂಕಿಗೆ ಹಾಕಬೇಡಿ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು. ನೀರಿನಲ್ಲೇ ಕಾಸಿ, ಥರ್ಮಾಮೀಟರ್ ಇಟ್ಟು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸಿ. 60 ಡಿಗ್ರಿಯ ಶಾಖ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. 50ರದ್ದೂ ಒಂದೇ ಕಡೆ ಕೆಲವು ನಿಮಿಷ ನಿಂತರೆ ಸುಟ್ಟೀತು. ಆದ್ದರಿಂದ ಕೈಯಲ್ಲಿರುವ ಕಲ್ಲು ಸದಾ ಚಲಿಸುತ್ತಿರಬೇಕು, ಇಟ್ಟ ಕಲ್ಲಿನ ಕೆಳಗೆ ಮಡಚಿದ ಟವಲ್ ಇರಬೇಕು.

ನನಗೆ ದಿಗಿಲು ಹುಟ್ಟಿಸಿದ್ದು ಮಾತ್ರ ಒಬ್ಬ ಅಜ್ಜಿಯ ಮಾತು. ಪಾದದ ಮೇಲೆ ಕಲ್ಲಾಡಿಸುವಾಗ, “ಏನೂ ಸುಡಂಗಿಲ್ಲ ತಾಯಿ, ಇನ್ನೊಂಚೂರು ಕಾಸು” ಎಂದರು. ನನ್ನ ಕೈಗೆ ಅದು ಚೆನ್ನಾಗಿಯೇ ಬಿಸಿಯಿತ್ತು. “ಸಕ್ಕರೆ ಕಾಯಿಲೆ ಐತೇನಜ್ಜಿ?” ಎಂದೆ. “ಬಾಳ ವರ್ಷಾತು, ಕಾಲು ಜೋಮು ಹಿಡದಂಗಿರ್ತಾವು.” ಕಲ್ಲು ಕೆಳಗಿಟ್ಟು ಬರೀ ಕೈಯಲ್ಲಿ ನೀವಿ ಕಳಿಸಿದೆ. ಸ್ವೇದನ ಮಾಡಬಾರದವರ ಪಟ್ಟಿಯಲ್ಲಿ ಚರಕ ಗರ್ಭಿಣಿಯರನ್ನೂ ಮಧುಮೇಹಿಗಳನ್ನೂ ಹೆಸರಿಸಿದ್ದು ಎಷ್ಟು ಸರಿ ಎಂದು ಅಂದು ಮನದಟ್ಟಾಯಿತು. ಸ್ಪರ್ಶ ಮಂದವಾದ ಕಾಲು ಸುಟ್ಟರೂ ತಿಳಿಯದು, ಆ ಗಾಯ ಬೇಗ ಮಾಯದು.

ಆದ್ದರಿಂದ ಈ ಮಸಾಜಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಸಕ್ಕರೆ ಕಾಯಿಲೆ, ಬಸಿರು, ಮೂರ್ಛೆ ರೋಗ, ಚರ್ಮದ ಅಲರ್ಜಿ ಇದ್ದರೆ ಅವರು ಕೇಳುವ ಮೊದಲೇ ನೀವೇ ಹೇಳಿ. ಎಣ್ಣೆಯಲ್ಲಿ ಏನು ಬೆರೆಸಿದ್ದಾರೆ, ಎಷ್ಟು ಹನಿ ಎಂದು ಕೇಳಿ. ಉತ್ತರ ಕೊಡಲಾಗದವರ ಮುಂದೆ ಬೆನ್ನು ಕೊಟ್ಟು ಮಲಗಬೇಡಿ.