ಕೊಟ್ಟಿಗೆಯ ಸಗಣಿ, ಹೊಂಡದ ಮೀನು



ಪಶುವೈದ್ಯರಿಗೆ ಮೀನಿನ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಹೊಂಡದ ಮೀನು ಬದುಕುವುದೂ ಸಾಯುವುದೂ ಬಹುಮಟ್ಟಿಗೆ ನಿಮ್ಮ ಕೊಟ್ಟಿಗೆಯಿಂದ ಏನು ಹರಿದು ಬರುತ್ತದೆ ಎಂಬುದರ ಮೇಲಿದೆ. ಆದುದರಿಂದ ಈ ಲೇಖನ.

1950-51ರಲ್ಲಿ ನಮ್ಮ ದೇಶದ ಮೀನಿನ ಉತ್ಪಾದನೆ ಸುಮಾರು 7.5 ಲಕ್ಷ ಟನ್ ಇತ್ತು. 2022-23ರಲ್ಲಿ ಅದು 175 ಲಕ್ಷ ಟನ್ ಮುಟ್ಟಿತು. ಇದರಲ್ಲಿ ಸುಮಾರು ಮುಕ್ಕಾಲು ಪಾಲು ಸಮುದ್ರದ್ದಲ್ಲ, ಒಳನಾಡಿನದು. ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹಿಂದೆ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಹೈನುಗಾರಿಕೆಗೆ ಕೃತಕ ಗರ್ಭಧಾರಣೆ ಹೇಗೋ, ಮೀನು ಸಾಕಣೆಗೆ ಆ ಚುಚ್ಚುಮದ್ದು ಹಾಗೆ.

ನಿಮ್ಮ ಕೃಷಿ ಹೊಂಡದಲ್ಲಿ ಎಂಟು ತಿಂಗಳಾದರೂ ನಾಲ್ಕೈದು ಅಡಿ ನೀರು ನಿಲ್ಲುವುದಾದರೆ, ಗುಂಟೆಗೆ 50 ಬೆರಳುದ್ದದ ಮರಿ ಬಿಡಬಹುದು. ಕಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಬೆರೆಸಿಯೇ ಬಿಡಬೇಕು. ತೌಡು ಮತ್ತು ಕಡಲೆಕಾಯಿ ಹಿಂಡಿ ಸಮನಾಗಿ ಕಲಸಿ ಕೊಟ್ಟರೆ ಸಾಕು. (ಸಂಘದಿಂದ ಒಯ್ದ ಪಶು ಆಹಾರ ಹಸುವಿಗೇ ಇರಲಿ.)

ಇನ್ನು ಸಗಣಿಯ ವಿಚಾರ. ಮೀನು ಬೆಳೆಯುವುದು ಸಗಣಿ ತಿಂದಲ್ಲ. ಸಗಣಿಯ ಸಾರದಿಂದ ನೀರಿನಲ್ಲಿ ಹುಟ್ಟುವ ಸೂಕ್ಷ್ಮ ಪಾಚಿ ಮತ್ತು ಸಣ್ಣ ಜೀವಿಗಳನ್ನು ತಿಂದು. ಮರಿ ಬಿಡುವ ಹದಿನೈದು ದಿನ ಮೊದಲು ಗುಂಟೆಗೆ 20 ಕೆ.ಜಿ., ಆಮೇಲೆ ತಿಂಗಳಿಗೆ 10 ಕೆ.ಜಿ. ಹಸಿ ಸಗಣಿಯನ್ನು ಎರಡು ಕಂತಿನಲ್ಲಿ ಹಾಕಬೇಕು. ಅಂದರೆ ಒಂದು ಹಸುವಿನ ಒಂದು ದಿನದ ಸಗಣಿ ಒಂದು ಗುಂಟೆಗೆ ತಿಂಗಳಿಡೀ ಸಾಕು! ನಮ್ಮವರು ಎಡವುವುದು ಇಲ್ಲೇ. ಸಗಣಿ ಹೇಗೂ ಪುಕ್ಕಟೆ ಎಂದು ಕೊಟ್ಟಿಗೆಯ ಚರಂಡಿಯನ್ನೇ ಹೊಂಡಕ್ಕೆ ತಿರುಗಿಸುತ್ತಾರೆ. ಹೆಚ್ಚಾದ ಸಗಣಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ, ರಾತ್ರಿ ಹೊತ್ತು ಪಾಚಿಯೂ ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಡಮಾಡಬೇಡಿ. ಸಗಣಿ, ಆಹಾರ ಎರಡನ್ನೂ ನಿಲ್ಲಿಸಿ, ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಬಿಡಿ. ಬಿಟ್ಟರೆ ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ತೇಲೀತು.

ಪರೀಕ್ಷೆ ಸುಲಭ. ಬಿಸಿಲಿನಲ್ಲಿ ಕೈಯನ್ನು ನೇರವಾಗಿ ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ನೀರು ಹದವಾಗಿದೆ. ಅದಕ್ಕೂ ಬಹಳ ಮೊದಲೇ ಮರೆಯಾದರೆ ಆ ತಿಂಗಳು ಸಗಣಿ ಬೇಡ. ಮೋಡ ಮುಸುಕಿದ ದಿನಗಳಲ್ಲೂ ಬೇಡ.

ಸಗಣಿಗಿಂತ ದೊಡ್ಡ ಅಪಾಯ ಉಣ್ಣೆಯ ಔಷಧದ್ದು. ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ದ್ರಾವಣಗಳು ಹೇಳಿದ ಅಳತೆಯಲ್ಲಿ ಹಸುವಿಗೆ ಕ್ಷೇಮ, ಮೀನಿಗೆ ಮಾತ್ರ ಅತ್ಯಲ್ಪವೂ ಘೋರ ವಿಷ. ಔಷಧ ಹಚ್ಚಿದ ದನವನ್ನು ಹೊಂಡಕ್ಕೆ ಇಳಿಸಬಾರದು. ಸ್ಪ್ರೇಯರ್, ಬಕೆಟ್‌ಗಳನ್ನು ಅಲ್ಲಿ ತೊಳೆಯಬಾರದು. ಕೊಟ್ಟಿಗೆ ತೊಳೆದ ನೀರೂ ಅತ್ತ ಹರಿಯಬಾರದು.

ಮರಿಗಳಿಗಾಗಿ ಮಳೆಗಾಲಕ್ಕೆ ಮುಂಚೆಯೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಹೆಸರು ಹೇಳಿಡಿ. ತಂದ ಚೀಲವನ್ನು ಕಾಲು ಗಂಟೆ ಹೊಂಡದ ನೀರಿನಲ್ಲಿ ತೇಲಬಿಟ್ಟು, ನೀರಿನ ಬಿಸಿ ಸಮವಾದ ಮೇಲೆ ಬಾಯಿ ಬಿಚ್ಚಿ. ಮರಿಗಳು ತಾವಾಗಿಯೇ ಈಜಿ ಹೊರಡಲಿ.