ಮೈಗೆ ಮೇಣ ಬಳಿದುಕೊಂಡ ಕಾಯಿ

ಟೆಕ್ಸಸ್‌ನ ಗಾಲ್ವೆಸ್ಟನ್ ಕೊಲ್ಲಿಯ ಹತ್ತಿರ ಮನೆ ಮಾಡಿ 16 ವರ್ಷವಾಯಿತು. ಇಲ್ಲಿನ ಉಪ್ಪುಗಾಳಿಗೆ ಊರಿನ ನೆನಪಿಗೆಂದು ನೆಟ್ಟ ಎಷ್ಟೋ ಗಿಡಗಳು ಒಣಗಿದವು. ಜಗ್ಗದೆ ನಿಂತದ್ದು ಈ ಮಣ್ಣಿನದೇ ಗಿಡ, ವ್ಯಾಕ್ಸ್ ಮರ್ಟಲ್. ನ್ಯೂಜೆರ್ಸಿಯಿಂದ ಫ್ಲಾರಿಡಾ ಸುತ್ತಿ ಟೆಕ್ಸಸ್‌ವರೆಗೆ ಕರಾವಳಿಯುದ್ದಕ್ಕೂ ಬೆಳೆಯುವ ನಿತ್ಯಹಸಿರು ಪೊದೆ ಇದು. ಬಿಟ್ಟರೆ 15 ಅಡಿ ದಾಟುತ್ತದೆ.

1. ಕಾಯಿ ನೋಡಿ ಕೊಳ್ಳಿ. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ನಾನು ಮೊದಲು ತಂದ ಮೂರೂ ಗಂಡು ಎಂದು ತಿಳಿಯುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಅಕ್ಟೋಬರಿನಲ್ಲಿ ನರ್ಸರಿಗೆ ಹೋದರೆ ಹೆಣ್ಣು ಗಿಡದ ಕಡ್ಡಿಗೆ ಕಾಯಿ ಮೆತ್ತಿಕೊಂಡಿರುತ್ತದೆ: ಕಾಳುಮೆಣಸಿಗಿಂತ ಸಣ್ಣದು, ಮೈತುಂಬ ವಿಭೂತಿ ಬಳಿದಂಥ ಬೂದು. ಪರಾಗ ಗಾಳಿಯಲ್ಲಿ ಬರುತ್ತದೆ. ಆಸುಪಾಸಿನಲ್ಲಿ ಒಂದು ಗಂಡು ಗಿಡವಿದ್ದರೆ ಸಾಕು.

2. ಗೊಬ್ಬರ ಬೇಡ. ನಮ್ಮ ಕಾರವಾರದ ಕಡಲದಂಡೆಯ ಗಾಳಿಮರದ ಬೇರಿನಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಇದರ ಬೇರಿನಲ್ಲೂ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ. ನೀರು ನಿಲ್ಲುವ ಬಡ ನೆಲದಲ್ಲೂ ಎಲೆ ಹೊಳೆಯುವುದು ಅದರಿಂದಲೇ.

3. ಮೇಣ ತೆಗೆಯಲು ಅವಸರ ಸಲ್ಲದು. ಯುರೋಪಿನಿಂದ ಇಲ್ಲಿಗೆ ಬಂದು ನೆಲೆಸಿದವರು ಪ್ರಾಣಿಗಳ ಕೊಬ್ಬಿನ ಬತ್ತಿಯ ಹೊಗೆ, ನಾತ ತಾಳಲಾರದೆ ಈ ಕಾಯಿ ಬೇಯಿಸಿ ಮೇಣದಬತ್ತಿ ಮಾಡಿಕೊಳ್ಳುತ್ತಿದ್ದರು. ನಾನು ಮಾಡುವುದೂ ಹಾಗೆಯೇ. ಕಾಯಿಯನ್ನು ನೀರಿನಲ್ಲಿ ಸಣ್ಣ ಉರಿಯಲ್ಲಿಡಬೇಕು. ಕುದಿ ಜೋರಾದರೆ ಕಸವೆಲ್ಲ ಮೇಣಕ್ಕೆ ಸೇರುತ್ತದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ಕಾಣುತ್ತವೆ, ಆಮೇಲೆ ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರಾತ್ರಿಯಿಡೀ ಆರಲು ಬಿಟ್ಟರೆ ಬೆಳಿಗ್ಗೆ ಹಸಿರು ಹಪ್ಪಳದಂಥ ಪದರ ಕೈಗೆ ಬರುತ್ತದೆ. ಅದನ್ನು ಮತ್ತೆ ಕರಗಿಸಿ ಹಳೇ ಪಂಚೆಯ ತುಂಡಿನಲ್ಲಿ ಸೋಸಬೇಕು. ಒಂದು ಮಧ್ಯಾಹ್ನವೆಲ್ಲ ಬಿಡಿಸಿದ ಕಾಯಿಯಿಂದ ನನಗೆ ಸಿಕ್ಕಿದ್ದು ಒಂದೇ ಪುಟ್ಟ ಬತ್ತಿಗಾಗುವಷ್ಟು. ಹೆಸರಿಗೆ ಮೇಣವಾದರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಗಿಡದ ಕೊಬ್ಬು. ಕಾರ್ತಿಕದ ಒಂದು ಸಂಜೆ ಅದನ್ನು ತುಳಸಿಯ ಮುಂದೆ ಹಚ್ಚಿದೆ.

4. ಔಷಧಿಯೆಂದು ಕುಡಿಯಬೇಡಿ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಜ್ವರಕ್ಕೆ ಇದರ ಎಲೆ ಕುದಿಸಿದ ನೀರು ಬಳಸುತ್ತಿದ್ದರು. ಬೇರಿನ ತೊಗಟೆ 19ನೇ ಶತಮಾನದ ಅಮೆರಿಕದ ನಾಟಿವೈದ್ಯರ ಪುಡಿಗಳಲ್ಲಿತ್ತು. ನಮ್ಮ ಆಯುರ್ವೇದದ ಕಟ್ಫಲ ಇದರ ಹತ್ತಿರದ ನೆಂಟ. ಹಿಮಾಲಯದ ತಪ್ಪಲಿನವರು ಕಾಫಲ್ ಎಂದು ಹಣ್ಣು ತಿನ್ನುವುದೂ ಆ ಮರದ್ದನ್ನೇ. ನೆಂಟಸ್ತನ ನೋಡಿಕೊಂಡು ಕಷಾಯ ಕಾಯಿಸುವ ಧೈರ್ಯ ನನಗಿಲ್ಲ. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸುತ್ತೇನೆ, ಒಣಗಿದ ರೆಂಬೆಯೊಂದನ್ನು ಸೀರೆಗಳ ನಡುವೆ ಇಡುತ್ತೇನೆ.

5. ಗೋಡೆಗೆ ತಾಗಿಸಿ ನೆಡಬೇಡಿ. ಎಲೆಯಲ್ಲಿರುವ ಆ ಪರಿಮಳದ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ಬುಡದಿಂದ ಮರಿಗಳೂ ಹಬ್ಬುತ್ತವೆ.

6. ಕತ್ತರಿ ಹಿಡಿಯುವ ಮೊದಲು ಹಕ್ಕಿಯನ್ನು ಕೇಳಿ. ಹೂ ಬಿಡುವುದು ಹಿಂದಿನ ವರ್ಷದ ಚಿಗುರಿನಲ್ಲಿ. ಒಂದು ಡಿಸೆಂಬರಿನಲ್ಲಿ ಬೇಲಿಯಂತೆ ಚೌಕಾಕಾರಕ್ಕೆ ಕತ್ತರಿಸಿಬಿಟ್ಟೆ. ಆ ಚಳಿಗಾಲಕ್ಕೆ ಇದ್ದ ಕಾಯಿಯೂ ಹೋಯಿತು, ಮುಂದಿನ ಚಳಿಗಾಲಕ್ಕೂ ಬರಲಿಲ್ಲ. ಬಾಲದ ಬುಡದಲ್ಲಿ ಹಳದಿ ಮಚ್ಚೆಯಿರುವ ಪುಟ್ಟ ವಾರ್ಬ್ಲರ್ ಹಕ್ಕಿಗಳು ಉತ್ತರದಿಂದ ಬಂದು, ಬೋಳು ಗಿಡದ ಮೇಲೆ ಒಂದು ಗಳಿಗೆ ಕೂತು ಹಾರಿಹೋದವು. ಈ ಮೇಣವನ್ನು ಅರಗಿಸಿಕೊಳ್ಳಬಲ್ಲ ಹಕ್ಕಿಗಳು ಕೆಲವೇ, ಈ ವಾರ್ಬ್ಲರ್‌ಗಳು ಅವುಗಳಲ್ಲಿ ಸೇರಿವೆ. ಅದರ ಬಲದಿಂದಲೇ ಅವು ಹುಳು ಸಿಗದ ಚಳಿಯ ದಿನಗಳನ್ನು ದಾಟುತ್ತವೆ. ಅದನ್ನು ಕಂಡ ಮೇಲೆ ಕೈಗೆಟಕುವ ಎತ್ತರದ ಕಾಯಿ ಮಾತ್ರ ನನ್ನದು. ಕತ್ತರಿ ಹೊರಗೆ ಬರುವುದು ಫೆಬ್ರವರಿಯ ಕೊನೆಗೆ, ಮೇಲಿನ ಕಡ್ಡಿಗಳೆಲ್ಲ ಬರಿದಾದ ಮೇಲೆ.