ಹಳೆಯ ಫೋಟೊಗಳಲ್ಲಿ ಜಮಖಂಡಿ-ಮುಧೋಳ ಸೀಮೆ

ಇಂದಿನ ಬಾಗಲಕೋಟೆ ಜಿಲ್ಲೆಗೆ ಕ್ಯಾಮೆರಾ ಬೇಗನೇ ಬಂತು. ಮುಂಬೈ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲೇ ಬಾದಾಮಿ, ಐಹೊಳೆಗಳ ಚಿತ್ರ ತೆಗೆದ. ಬಳಸಿದ್ದು ಗಾಜಲ್ಲ, ಕಾಗದದ ನೆಗೆಟಿವ್. ಎರಡೇ ವರ್ಷದಲ್ಲಿ, ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಮುಧೋಳ ಸಂಸ್ಥಾನದ ಹಲಗಲಿ ಬೇಡರು ದಂಗೆಯೆದ್ದರು. ಆ ಕಥೆಗೆ ಫೋಟೊಕ್ಕಿಂತ ಲಾವಣಿಯೇ ಆಧಾರ, ಸಂಗ್ರಹಿಸಿದವರು ಜೆ.ಎಫ್. ಫ್ಲೀಟ್.

ಸಂಸ್ಥಾನಗಳ ಚಿತ್ರ ನೋಡುವಾಗ ಮನೆತನ ಅದಲುಬದಲಾಗದಿರಲಿ: ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರುಮಾಲು, ದರ್ಬಾರು ಎರಡೂ ಕಡೆ ಒಂದೇ ಥರ! ದಖ್ಖನ್ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರಲ್ಲಿ. ಜಮಖಂಡಿಯ ದಿವಾನರಾಗಿದ್ದ, ಸಾವಳಗಿಯ ಬಿ.ಡಿ. ಜತ್ತಿ ಮುಂದೆ ಮುಖ್ಯಮಂತ್ರಿ (1958–62), ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ.